ಹೆಪ್ಪು ಕೇಳಿದ ದೊರೆಸಾನಿ

ನಿಜಾಮರ ಕೊನೆಗಾಲ. ನಾನು ಶಹಾಪುರಕ್ಕೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಪಕ್ಕದ ಖಾಲಿ ಮನೆಗೆ ಒಬ್ಬ ದೊರೆಸಾನಿ ಬಾಡಿಗೆಗೆ ಬಂದಳು. ಅವಳು ಹೊರಟದ್ದು ಆಫ್ರಿಕಾಕ್ಕೆ, ಅಲ್ಲಿನ ಹಳ್ಳಿಗಳಲ್ಲಿ ಯೇಸುವಿನ ಮಾತು ಹೇಳಲು. ಯುದ್ಧದ ದೆಸೆಯಿಂದ ಮುಂಬೈಯಲ್ಲಿ ಹಡಗು ಸಿಗದೆ ಯಾದಗಿರಿ ಕಡೆಯ ಮಿಷನ್ನಿಗೆ ಬಂದಿದ್ದಳು. ಅಲ್ಲಿನ ಹಿರಿಯ ಅಮ್ಮನವರು ಅವಳನ್ನು ಸುಮ್ಮನೆ ಕೂಡಿಸಲಿಲ್ಲ. ಪರರ ಓಣಿಯಲ್ಲಿ ಬಾಳಲು ಬಾರದವಳು ಎಲ್ಲಿಗೆ ಹೋದರೂ ಅಷ್ಟೇ, ಮೊದಲು ಇಲ್ಲಿ ಕಲಿಯಲಿ ಅಂದರು. ಆರು ತಿಂಗಳ ಮೇಲೆ ತಾವೇ ಬಂದು ಓಣಿಯ ಹಿರಿಯಳಾದ ನಮ್ಮ ಅತ್ತೆಯನ್ನೇ ಕೇಳುವುದು; ಅತ್ತೆ ಹೂಂ ಅಂದರೆ ಆಫ್ರಿಕಾ, ಉಹೂಂ ಅಂದರೆ ವಾಪಸ್ ವಿಲಾಯಿತಿ. ತಹಸೀಲ್ದಾರರಿಗೂ ಇಲ್ಲದ ದರ್ಬಾರು ನಮ್ಮ ಅತ್ತೆಗೆ ಸಿಕ್ಕಿತು.

ಓದು ಬರುತ್ತಿದ್ದುದರಿಂದ ಅವಳಿಗೆ ಮಾತು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಚುರುಕಿನ ಹೆಂಗಸು. ಸೀರೆ ಉಡುವುದು, ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುವುದು, ಹಿರಿಯರೆದುರು ಸೆರಗು ಹೊದೆಯುವುದು, ಎಲ್ಲವನ್ನೂ ಕಲಿತಳು. ಅವಳ ರೊಟ್ಟಿ ಮಾತ್ರ ಯಾವತ್ತೂ ದುಂಡಗಾಗಲಿಲ್ಲ. ಓಣಿಯ ಮಕ್ಕಳ ಕಣ್ಣಿಗೆ ಔಷಧಿ ಹಾಕುತ್ತಿದ್ದಳು, ಬಾಣಂತಿಯರಿಗೆ ಸಾಬೂನು ಕೊಡುತ್ತಿದ್ದಳು. ಹೆಂಗಸರು ಇಸಿದುಕೊಂಡು ಬಾಗಿಲಿಂದಲೇ ತಿರುಗುತ್ತಿದ್ದರು. ಒಬ್ಬರೂ ಕೂಡುತ್ತಿರಲಿಲ್ಲ.

ಐದನೆಯ ತಿಂಗಳಲ್ಲಿ ಅತ್ತೆ ಕಡ್ಡಿ ಮುರಿದಂತೆ ಹೇಳಿದರು: "ನಾ ಉಹೂಂ ಅಂತೀನಿ."

ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಆಕೆ ಏನು ತಪ್ಪು ಮಾಡಿದ್ದಾಳೆಂದು ಅತ್ತೆಗೆ ಮೊದಲ ಸಲ ಎದುರಾಡಿದೆ.

"ಆಕಿ ಬರೇ ಕೊಡ್ತಾಳ. ಒಂದಿನ ಏನರ ಕೇಳ್ಯಾಳೇನು? ಕಡ್ಡಿಪೆಟ್ಟಿಗಿ ತೀರಿದ್ರ ಬಿಸಲಾಗ ಬಜಾರಕ್ಕ ಹೋಗ್ತಾಳ, ಕೇಳಾಕ ನಮ್ಮ ಬಾಗಲಿಗಿ ಬರಂಗಿಲ್ಲ. ಹಂಗಿದ್ದಾಕಿ ಮನ್ಯಾಗ ನಾವು ಯಾವ ಮುಖ ಇಟ್ಕೊಂಡು ಕೂಡಬೇಕು?"

ಅತ್ತೆ ಹೇಳಿದ್ದು ನಿಜವೇ ಆಗಿತ್ತು. ಕೆಂಡ, ಉಪ್ಪು, ಹೆಪ್ಪಿಗೆ ಒಂದು ಚಮಚ ಮೊಸರು ಅಂತ ನಮ್ಮ ಓಣಿಯ ಹೆಂಗಸರು ದಿನಕ್ಕೆ ಹತ್ತು ಸಲ ಒಬ್ಬರ ಹೊಸ್ತಿಲು ಒಬ್ಬರು ತುಳಿಯುತ್ತಿದ್ದರು. ಮೇಷ್ಟ್ರಗಿರಿಯ ಜಂಬದಲ್ಲಿ ನಾನು ಅದೊಂದನ್ನೇ ಕಲಿಸಿರಲಿಲ್ಲ.

ಹೋಗಿ ದೊರೆಸಾನಿಗೆ ಹೇಳಿದೆ. ಅವಳ ಮುಖ ಕೆಂಪಾಯಿತು. ನೆರೆಮನೆಯಲ್ಲಿ ಕೈಯೊಡ್ಡುವುದಕ್ಕಿಂತ ಉಪವಾಸ ಮಲಗುವುದು ಮೇಲು ಎಂದು ಅವಳ ತಾಯಿ ಬೆಳೆಸಿದ್ದಳಂತೆ. ಎರಡು ದಿನ ಪಾಠಕ್ಕೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಟ್ಟಲು ಹಿಡಿದು ನಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

"ಯವ್ವಾ, ಹೆಪ್ಪಿಗಿ ಒಂದೀಟು ಮಸರು ಕೊಡ್ರಿ."

ಅತ್ತೆ ಬಟ್ಟಲು ಮುಟ್ಟದಂತೆ ಮೊಸರನ್ನು ಮೇಲಿನಿಂದ ಬಿಟ್ಟರು. ಅದು ಆಗಿನ ನಮ್ಮ ಮನೆಯ ಕಟ್ಟು. ಇಂದು ನೆನೆದರೆ ನಾಚಿಕೆಯಾಗುತ್ತದೆ. ಆದರೆ ಮರುದಿನ ಅದೇ ಅತ್ತೆ, ಮನೆಯಲ್ಲಿ ತುಂಬಿದ ಕಡ್ಡಿಪೆಟ್ಟಿಗೆ ಇದ್ದರೂ, ಅವಳ ಮನೆಗೆ ಹೋಗಿ ಎರಡು ಕಡ್ಡಿ ಕೇಳಿ, ತಾಸುಗಟ್ಟಲೆ ಕೂತು ನನ್ನ ಮೇಲೆ ಚಾಡಿ ಹೇಳಿ ಬಂದರು. ಆಮೇಲೆ ಓಣಿಯ ಹೆಂಗಸರೂ ಅಲ್ಲಿ ಕೂಡತೊಡಗಿದರು. ನನಗೆ ಹಬ್ಬದಷ್ಟು ಖುಷಿಯಾಗಿತ್ತು.

ಆರು ತಿಂಗಳು ತುಂಬಿದಾಗ ಹಿರಿಯ ಅಮ್ಮನವರು ಬಂದು ಕಟ್ಟೆಯ ಮೇಲೆ ಕೂತು, ಕಳಿಸಬಹುದೇ ಎಂದು ಕೇಳಿದರು. ದೊರೆಸಾನಿ ಅಲ್ಲೇ ನಿಂತಿದ್ದಳು.

"ಕಳಸ್ರಿ. ಆಕೀಗಿ ಈಗ ಕೇಳಾಕ ಬರ್ತದ," ಅಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆಕೀನ ಕೊಡಾಕ ನನಗ ಮನಸ್ಸಿಲ್ರಿ."