ಕಣ್ಣಿನ ಪೋಸ್ಟಿಂಗು, ಮಿರಜಿನ ಬಾಟಲಿ

"ನೀವು ಯಾವುದರ ಡಾಕ್ಟರ್ರೀ?" ಚಿಕ್ಕೋಡಿಯಲ್ಲಿ ಈ ಪ್ರಶ್ನೆ ಕೇಳದವರೇ ಇಲ್ಲ. ಕುಟುಂಬ ವೈದ್ಯಕೀಯದಲ್ಲಿ ಸ್ನಾತಕೋತ್ತರ ತರಬೇತಿ ಮಾಡುತ್ತಿದ್ದೇನೆ, ಕೂಸಿನಿಂದ ಮುದುಕರವರೆಗೆ ಎಲ್ಲರನ್ನೂ ನೋಡುತ್ತೇನೆ ಎಂದು ನಮ್ಮ ಬಾಡಿಗೆ ಮನೆಯ ಮಾಲಕಿಗೆ ಒಮ್ಮೆ ವಿವರಿಸಿದೆ. "ಅಂದ್ರ ಯಾವ್ದೂ ಪೂರಾ ಕಲ್ತಿಲ್ಲೇನ್ರಿ?" ಎಂದು ಮರುಕದಿಂದ ಕೇಳಿದರು. ಹಣೆ ಚಚ್ಚಿಕೊಂಡೆ.

ಈ ತರಬೇತಿಯಲ್ಲಿ ಎಲ್ಲ ವಿಭಾಗಗಳನ್ನೂ ಸುತ್ತಬೇಕು. ಅದರ ಜೊತೆಗೆ, ನಾವೇ ಆರಿಸಿಕೊಂಡ ಒಂದು ವಿಭಾಗದಲ್ಲಿ ಎರಡು ತಿಂಗಳು ಹೆಚ್ಚಿಗೆ ಕಲಿಯುವ ಅವಕಾಶವಿದೆ, ಅದಕ್ಕೆ ಪೋಸ್ಟಿಂಗು ಎನ್ನುತ್ತಾರೆ. ನಾನು ಕಣ್ಣು ಕೇಳಿದೆ. ಸುತ್ತಮುತ್ತ ಎಲ್ಲಿ ನೋಡಿದರೂ ಕಬ್ಬು. ಹಂಗಾಮಿನಲ್ಲಿ ಕಬ್ಬಿನ ಗರಿ ಕಣ್ಣಿಗೆ ಬಡಿಸಿಕೊಂಡು ಬರುವವರು ದಿನಾ ಇರುತ್ತಾರೆ. ನಮ್ಮ ಆಸ್ಪತ್ರೆಯಲ್ಲಿ ಇರುವ ಒಬ್ಬರೇ ಕಣ್ಣಿನ ತಜ್ಞರು ಅರ್ಧ ವಾರ ಹಳ್ಳಿಗಳ ಶಿಬಿರದಲ್ಲಿರುತ್ತಾರೆ.

ನಮ್ಮ ಮುಖ್ಯ ವೈದ್ಯರು ಎಲುಬಿನ ಡಾಕ್ಟರು. "ಕಣ್ಣ ಕಲ್ತು ಏನ್ ಮಾಡ್ತೀರಿ ಮೇಡಂ? ಆಪರೇಷನ್ ಅಂತೂ ಮಾಡೂದಿಲ್ಲ. ನಮ್ಮ ಕಡೆ ಬರ್ರಿ, ಪ್ಲಾಸ್ಟರ್ ಹಾಕೂದರ ಕಲೀತೀರಿ" ಎಂದರು. ನಾನು ಬೆನ್ನು ಬಿಡಲಿಲ್ಲ. ಕಡೆಗೆ ಒಪ್ಪಿದರು, ಅದೂ ಬಾಯಿಮಾತಿಗೆ. ಬೆಳಿಗ್ಗೆ ಕಣ್ಣಿನ ವಿಭಾಗದಲ್ಲಿ ಕೂತು ಒಬ್ಬರ ರೆಪ್ಪೆ ಬಿಡಿಸುವಷ್ಟರಲ್ಲಿ ತುರ್ತು ಚಿಕಿತ್ಸೆಯ ಕೋಣೆಯಿಂದ ಫೋನು. ಅಲ್ಲಿ ಡಾಕ್ಟರಿಲ್ಲ, ಓಡಿ ಬಾ. ಎಲ್ಲ ವಿಭಾಗ ಬಲ್ಲವಳು ಎಂದರೆ ಎಲ್ಲರ ರಜೆಗೂ ಒದಗುವವಳು ಎಂದು ಇವರು ತಿಳಿದಿದ್ದರು.

ಒಂದು ದಿನ ತಜ್ಞರು ಶಿಬಿರಕ್ಕೆ ಹೋಗಿದ್ದಾಗ ಯಡೂರಿನಿಂದ ಅತ್ತೆ-ಸೊಸೆ ಬಂದರು. ಸೊಸೆ ಒಂದು ಕಣ್ಣನ್ನು ಸೆರಗಿನಿಂದ ಒತ್ತಿ ಹಿಡಿದಿದ್ದಳು. ಕಬ್ಬಿನ ಗರಿ ತಾಗಿ ವಾರವಾಗಿತ್ತು. ಗಾಯ ತೋರಿಸುವ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿಗೆ ಮುಟ್ಟಿಸಿ ನೀಲಿ ದೀಪ ಹಿಡಿದೆ. ಕರಿಗುಡ್ಡೆಯ ಮೇಲೆ ಹಸಿರು ಹೊಳೆಯಿತು, ಅಂದರೆ ಹುಣ್ಣು. ಅದರ ನಡುವೆ ಬೆಳ್ಳಗಿನ ಮಚ್ಚೆ. ಸೋಂಕು ಒಳಕ್ಕೆ ಇಳಿದಿತ್ತು.

"ಏನಾದ್ರೂ ಹಾಕಿದ್ರೇನ್ರಿ?"

ಅತ್ತೆ ಎಲೆ-ಅಡಿಕೆ ಸಂಚಿಯಿಂದ ಹೆಮ್ಮೆಯಿಂದ ಪುಟ್ಟ ಬಾಟಲಿ ತೆಗೆದಳು. "ಮಿರಜಿಂದ್ರಿ. ನನ್ನ ಕಣ್ಣಿನ ಪೊರಿ ತಗದಾಗ ಕೊಟ್ಟಿದ್ರು. ನಮ್ಮ ವಸ್ತಿ ಮಂದಿಗೆಲ್ಲಾ ಇದ ಆಗೂದ್ರಿ."

ಗಡಿಯಾಚೆಯ ಮಿರಜಿನ ದೊಡ್ಡಾಸ್ಪತ್ರೆಯಲ್ಲಿ ಕೊಟ್ಟ ಔಷಧವೆಂದರೆ ನಮ್ಮ ಕಡೆ ಪ್ರಸಾದವಿದ್ದಂತೆ, ಹಂಚಿಯೇ ಮುಗಿಸಬೇಕು. ಅದು ಸ್ಟೆರಾಯ್ಡ್ ಹನಿ. ಪೊರೆ ತೆಗೆದ ಅತ್ತೆಯ ಕಣ್ಣಿಗೆ ಸರಿಯಾದದ್ದೇ. ಗರಿ ಗೀರಿ ಬೂಷ್ಟು ಸೇರಿದ ಸೊಸೆಯ ಕಣ್ಣಿಗೆ ಮಾತ್ರ ಹುಣ್ಣನ್ನು ಬೆಳೆಸುವಂಥದ್ದು.

"ನಿಮ್ಮ ಕಣ್ಣಿಗೆ ಕೊಟ್ಟಿದ್ದನ್ನ ಊರಿಗೆಲ್ಲಾ ಹಾಕ್ತಾರೇನ್ರಿ?" ಎಂದು ಕೂಗಿಬಿಟ್ಟೆ.

"ಕಣ್ಣಿನ ಔಷಧ ಕಣ್ಣಿಗೇ ಹಾಕೇವಲ್ರಿ" ಎಂದಳು ಅತ್ತೆ, ನಿಜಕ್ಕೂ ಅರ್ಥವಾಗದೆ.

ಅಷ್ಟರಲ್ಲಿ ತುರ್ತು ಕೋಣೆಯ ಫೋನು ಹೊಡೆದುಕೊಳ್ಳತೊಡಗಿತು. ಅದನ್ನು ಎತ್ತದೆ, ಶಿಬಿರದಲ್ಲಿದ್ದ ತಜ್ಞರನ್ನು ಮೊಬೈಲಿನಲ್ಲಿ ವಿಚಾರಿಸಿ, ಹನಿ ನಿಲ್ಲಿಸಿ, ಸೊಸೆಯನ್ನು ಅಂದೇ ಮಿರಜಿಗೆ ಕಳಿಸಿದೆ. ತುರ್ತು ಕೋಣೆಗೆ ಹೋದರೆ ಮುಖ್ಯ ವೈದ್ಯರು ಕೆಂಡವಾಗಿದ್ದರು. "ಒಂದ್ ಕಣ್ಣಿಗೆ ಇಷ್ಟೊತ್ತೇನ್ರಿ? ಕಣ್ಣು ನೋಡೂದು ಸಾಕು. ನಾಳಿಂದ ಇಲ್ಲೇ ಇರ್ರಿ." ನನ್ನ ಎರಡು ತಿಂಗಳು ಹತ್ತು ದಿನಕ್ಕೇ ಮುಗಿಯಿತು. ಆ ಸಿಟ್ಟು ಇಂದಿಗೂ ಇಳಿದಿಲ್ಲ.

ಕೆಲವು ವಾರದ ಮೇಲೆ ಆ ಅತ್ತೆ ನನ್ನನ್ನು ಹುಡುಕಿಕೊಂಡು ಬಂದಳು. ಸೊಸೆಯ ಕಣ್ಣು ಉಳಿದಿತ್ತು, ಆದರೆ ಕಲೆ ನಿಂತು ದೃಷ್ಟಿ ಮಬ್ಬಾಗಿತ್ತು. ಅತ್ತೆಯ ಕೈಯಲ್ಲಿ ಬಟ್ಟೆಯ ಚೀಲ, ಅದರ ತುಂಬ ಕಣ್ಣಿನ ಹನಿಯ ಬಾಟಲಿಗಳು.

"ವಸ್ತಿಯಾಗ ಮನಿಮನಿಗೂ ಹೋಗಿ ಇಸ್ಕೊಂಡ್ ಬಂದೇನ್ರಿ. ಯಾವ್ದು ಇಟ್ಕೊಳ್ಳೂದು, ಯಾವ್ದು ಚೆಲ್ಲೂದು, ನೀವ ಹೇಳ್ರಿ."

ಒಂದೊಂದೇ ತಿರುಗಿಸಿ ನೋಡಿದೆ. ಅರ್ಧಕ್ಕರ್ಧ ಹನಿಗಳನ್ನು ಯಾವ ಕಣ್ಣಿಗೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂದು ನನಗೆ ಖಾತ್ರಿಯಿರಲಿಲ್ಲ. ಕಲಿಯಬೇಕಾಗಿದ್ದ ದಿನಗಳಲ್ಲಿ ನಾನು ಬೇರೆಯವರ ಡ್ಯೂಟಿ ಮಾಡುತ್ತಿದ್ದೆ. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಚೀಲ ಎತ್ತಿಕೊಂಡು ಹೋಗಿ ಮುಖ್ಯ ವೈದ್ಯರ ಮೇಜಿನ ಮೇಲೆ ಸುರುವಿದೆ.

"ಇವರಿಗೆ ಉತ್ತರ ಹೇಳೋಕೆ ನನಗೆ ಬರ್ತಿಲ್ಲ ಸರ್. ಕಲಿಯೋಕೆ ನೀವು ಬಿಡಲಿಲ್ಲ."

ಬೈಯುತ್ತಾರೆಂದುಕೊಂಡೆ. ಅವರು ಕನ್ನಡಕ ಏರಿಸಿ ಒಂದು ಬಾಟಲಿ ಎತ್ತಿಕೊಂಡರು, ಹೆಸರು ಓದಿದರು, ಅದೇ ಸ್ಟೆರಾಯ್ಡ್ ಹನಿ. ಮುಖದ ಬಣ್ಣ ಬದಲಾಯಿತು.

"ಇದು ನಮ್ಮ ಮನ್ಯಾಗೂ ಐತಲ್ರಿ. ನಮ್ಮವ್ವಗ ಬರದು ಕೊಟ್ಟಿದ್ದು. ಕಣ್ಣ ಕೆಂಪಾದ್ರ ಎಲ್ಲಾರೂ ಇದನ್ನ ಹಾಕ್ಕೋತೇವಿ."

"ಚೊಲೋ ಔಷಧ್ರಿ ಸಾಹೇಬ್ರ, ಮಿರಜಿಂದ" ಎಂದಳು ಬಾಗಿಲಲ್ಲಿ ನಿಂತಿದ್ದ ಅತ್ತೆ.

ಸಾಹೇಬರು ಮೊದಲು ಮನೆಗೆ ಫೋನು ಹಚ್ಚಿ, ಆ ಬಾಟಲಿ ಯಾರೂ ಮುಟ್ಟಬ್ಯಾಡ್ರಿ ಎಂದರು. ನನ್ನ ಕಣ್ಣಿನ ಪೋಸ್ಟಿಂಗು ಮತ್ತೆ ಶುರುವಾಗುವ ಮಾತು ಆಮೇಲೆ ಬಂತು.