ಕಾಮಾಲೆಯ ದಿನಗಳ ಬಂಗಡೆ

ಇವತ್ತು ಬೆಳಿಗ್ಗೆ ಕುಮಟಾದ ದವಾಖಾನೆಯಲ್ಲಿ ಆದದ್ದು ಕೇಳಿ, ಗೆಳೆಯರೇ. ನನ್ನ ಮಗನಿಗೆ ಕಾಮಾಲೆ. ನನ್ನ ಆಯಿ, ಅಂದರೆ ನನ್ನಮ್ಮ, ಡಾಕ್ಟರನ್ನು ಬಿಡಲೇ ಇಲ್ಲ. "ಮೀನು ತಿಂದ್ರೆ ಎಂತ ಆಗ್ತದೆ?"

"ಏನೂ ಆಗೂದಿಲ್ಲ ಅಜ್ಜಿ. ಅಷ್ಟೆಲ್ಲ ಪಥ್ಯ ಬೇಡ ಅಂತಲೇ ಈಗಿನ ಸಂಶೋಧನೆ ಹೇಳ್ತದೆ."

ಆಯಿ ದೊಡ್ಡ ಉಸಿರು ಬಿಟ್ಟಳು.

ಎಂಬತ್ತರ ದಶಕದಲ್ಲಿ, ಹೊನ್ನಾವರದಲ್ಲಿದ್ದಾಗ ನನಗೂ ಕಾಮಾಲೆ ಬಂದಿತ್ತು. ನನ್ನಜ್ಜಿಯ ಅಪ್ಪಣೆಯಂತೆ ಬರೀ ಗಂಜಿ, ಕಹಿ ಬೇರಿನ ರಸ. ಪೇಟೆಯಲ್ಲಿ ಮೀನು ಮಾರಿ ಬರುವ ಆಯಿ, ನನಗೆ ಆಸೆಯಾಗಬಾರದೆಂದು ಮಿಂದೇ ಒಳಗೆ ಬರುತ್ತಿದ್ದಳು. ಒಂದು ಮಧ್ಯಾಹ್ನ ಪಕ್ಕದ ಮನೆಯ ಮಾಸ್ತಿಯಕ್ಕ ನನ್ನನ್ನು ಕರೆದು ಸುಟ್ಟ ಬಂಗಡೆ ಮೀನು ತಿನ್ನಿಸಿದಳು. "ಯಾರಿಗೂ ಹೇಳ್ಬೇಡ" ಎಂದಳು. ಅಂಥ ರುಚಿಯ ಬಂಗಡೆ ಮತ್ತೆ ಸಿಕ್ಕಿಲ್ಲ.

ಅದನ್ನು ಇವತ್ತು ಆಯಿಯ ಎದುರು ಬಾಯಿಬಿಟ್ಟೆ.

"ಆ ಬಂಗಡೆ ನಾನೇ ಕೊಟ್ಟು ಕಳ್ಸಿದ್ದು" ಎಂದಳು ಆಯಿ. "ನೀನು ಮೀನು ಬೇಕು ಅಂತ ಅಳ್ತಿದ್ದೆ. ನಿನ್ನಜ್ಜಿ ಎದುರಿಗೆ ಎಂತ ಮಾಡೂದು? ಆಮೇಲೆ ನಿನ್ನ ಕಣ್ಣಿನ ಹಳದಿ ಹೋಗೂವರೆಗೂ ನಂಗೆ ಊಟ ಸೇರ್ಲಿಲ್ಲ. ತಪ್ಪು ಮಾಡ್ದೆ ಅಂತ ಇವತ್ತಿನವರೆಗೂ ಹೆದರಿಕೆ ಇತ್ತು."

ನಾನೋ, ಇಷ್ಟು ವರ್ಷ ಆಯಿಯ ಕಣ್ಣು ತಪ್ಪಿಸಿದ ಜಾಣೆ ಎಂದುಕೊಂಡಿದ್ದೆ.