ಹುಳುಮನೆಯಲ್ಲಿ ಕೂರುವ ಪ್ರೊಫೆಸರ್

ಶನಿವಾರ ಬೆಳಗ್ಗೆ ಆರೂವರೆ. ತಿಪ್ಪಸಂದ್ರದ ಆಸುಪಾಸಿನ ಹಳ್ಳಿಯೊಂದರಲ್ಲಿ, ಶಿವಲಿಂಗಮ್ಮನವರ ರೇಷ್ಮೆ ಹುಳುಮನೆಯೊಳಗೆ ಸುಮನಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದಾರೆ. ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎದುರಿಗೆ ಶಿವಲಿಂಗಮ್ಮನವರ ಮೊಮ್ಮಗಳು, ಹದಿಮೂರರ ಶ್ವೇತ ಸೊಪ್ಪು ಹರಡುತ್ತಿದ್ದಾಳೆ. ಅರ್ಧ ಗಂಟೆಯಿಂದ ಇಬ್ಬರೂ ಮಾತಾಡಿಲ್ಲ. (ಅಜ್ಜಿ, ಮೊಮ್ಮಗಳ ಹೆಸರು ಬದಲಿಸಿಯೇ ಬರೆಯಬೇಕೆಂದು ಸುಮನಾ ಪಟ್ಟು ಹಿಡಿದರು, ಬದಲಿಸಿದೆ.)

ಕನಕಪುರದ ಕಾಲೇಜೊಂದರಲ್ಲಿ ಸುಮನಾ ಸಮಾಜಕಾರ್ಯ ಕಲಿಸಲು ಶುರುಮಾಡಿ ಇಪ್ಪತ್ತಾರು ವರ್ಷ. ಮಕ್ಕಳ ಮಾನಸಿಕ ಆರೋಗ್ಯ ಅವರ ವಿಷಯ. ವಾರದ ಐದು ದಿನ ಪಾಠ. ಶುಕ್ರವಾರ ಸಂಜೆ ಬಸ್ಸು ಬದಲಿಸುತ್ತ ತವರಿಗೆ, ತಿಪ್ಪಸಂದ್ರಕ್ಕೆ. ಶನಿವಾರ ಸುತ್ತಲ ನಾಲ್ಕೈದು ಮಕ್ಕಳ ಮನೆ. ಹೀಗೆ ಕಂಡ ಮಕ್ಕಳು ನಾನೂರು ದಾಟಿದ್ದಾರೆ.

ಈ ಓಡಾಟ ಹುಟ್ಟಿದ್ದು ಒಂದು ತಪ್ಪಿನಿಂದ. ಪಿಎಚ್‌ಡಿಗೆಂದು ಕಲ್ಲುಕ್ವಾರಿ ಕೆಲಸಗಾರರ ಮಕ್ಕಳನ್ನು ಮಾತಾಡಿಸುವಾಗ ಒಬ್ಬ ಹುಡುಗಿ ಬಾಯೇ ಬಿಡಲಿಲ್ಲ. ‘ಉತ್ತರವಿಲ್ಲ’ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋದರು. ತಿಂಗಳ ಮೇಲೆ ಮತ್ತೆ ಹೋದರೆ ಆ ಕುಟುಂಬ ಗುಳೆ ಎದ್ದಿತ್ತು; ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಬಂದು ಹೇಳಿಕೊಂಡಾಗ, ಅಕ್ಷರ ಬಾರದ ತಾಯಿ ಮಾರಮ್ಮ ಕೇಳಿದ್ದು ಒಂದೇ: “ಮಗು ಬಾಯಿ ಬುಡ್ನಿಲ್ಲ, ಸರಿ. ನೀನು ಒಸಿ ಹೊತ್ತು ಕೂತಿದ್ಯೇನವ್ವ?”

ಶ್ವೇತಳ ತಾಯಿ ಹೋದ ವರ್ಷ ಹಾವು ಕಚ್ಚಿ ತೀರಿಕೊಂಡರು. ಅಂದಿನಿಂದ ಹುಡುಗಿ ಮಾತು ಬಿಟ್ಟಳು, ಶಾಲೆಯನ್ನೂ ಬಿಟ್ಟಳು. “ಗಾಳಿ ಸೋಕೈತೆ ಅಂದ್ರು. ತಾಯತ ಕಟ್ಸುದ್ವಿ, ಏನೂ ಆಗ್ನಿಲ್ಲ,” ಎನ್ನುತ್ತಾರೆ ಶಿವಲಿಂಗಮ್ಮ. “ಈ ಮೇಡಮ್ಮು ಬಂದ್ರು, ಒಂದು ಮಾತೂ ಕೇಳ್ದೆ ಸೊಪ್ಪಾಕ್ತಾ ಕೂತ್ಕೊಂಡ್ರು. ಇವ್ರಿಗೂ ಮಾತು ನಿಂತೋಯ್ತಾ ಅಂದ್ಕಂಡೆ ಕಣಪ್ಪ!”

ಆರು ಶನಿವಾರ ಹಾಗೇ ಕಳೆದವು. ಏಳನೆಯ ವಾರ ಸುಮನಾ ಇಬ್ಬನಿ ಆರದ ಸೊಪ್ಪನ್ನೇ ಹುಳುಗಳ ತಟ್ಟೆಗೆ ಸುರಿಯಹೋದರು. ಶ್ವೇತ ಥಟ್ಟನೆ ಅವರ ಕೈ ಹಿಡಿದಳು. “ಒದ್ದೆ ಐತೆ. ತಿಂದ್ರೆ ಸತ್ತೋಯ್ತವೆ.”

ಅಜ್ಜಿ ಬಾಗಿಲಲ್ಲೇ ಕೂತು ಅತ್ತರು. ಸುಮನಾ ಮಾತ್ರ, “ಹೌದಾ? ನಂಗೆ ಗೊತ್ತಿರ್ಲಿಲ್ಲ, ಹೇಳ್ಕೊಡು” ಎಂದು ಎಲೆ ಒರೆಸತೊಡಗಿದರು.

ಇನ್ನೆರಡು ವಾರಕ್ಕೆ ಒಳಗಿದ್ದುದು ಹೊರಬಂತು. ಹಾವು ಕಚ್ಚಿದ ದಿನ ಹೊಲದಿಂದ ಅಮ್ಮ ಕೂಗಿದ್ದು ಕೇಳಿಸಿದರೂ ಶ್ವೇತ ಕುಂಟೆಬಿಲ್ಲೆ ಆಟ ಮುಗಿಸಿ ಹೋಗಿದ್ದಳು. ‘ನಾನೇ ಸಾಯ್ಸಿಬುಟ್ಟೆ’ ಎಂಬುದನ್ನು ಅಷ್ಟು ದಿನವೂ ಒಬ್ಬಳೇ ನುಂಗಿಕೊಂಡಿದ್ದಳು. ಸುಮನಾ ತಾವೇ ಅವಳನ್ನು ರಾಮನಗರದ ಮನೋವೈದ್ಯರ ಬಳಿಗೆ ಕರೆದೊಯ್ದರು. ಜೂನ್‌ನಿಂದ ಶ್ವೇತ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಈಗಲೂ ಕೆಲವು ದಿನ ಮಾತಿರುವುದಿಲ್ಲ. “ಇರ್ಲಿ ಬಿಡಿ, ನಮಗೂ ಎಷ್ಟೋ ದಿನ ಮಾತು ಬೇಡ ಅನ್ಸಲ್ವಾ?” ಎನ್ನುತ್ತಾರೆ ಸುಮನಾ.

ಮುಂದಿನ ವರ್ಷ ಅವರಿಗೆ ನಿವೃತ್ತಿ. ಪ್ರಶಸ್ತಿಗಿಶಸ್ತಿ ಎಂದರೆ ನಗುತ್ತಾರೆ. ಆಸೆಯೊಂದಿದೆ. “ತಾಲ್ಲೂಕಿಗೊಂದು ಕೋಣೆ ಆಗ್ಬೇಕು, ಮಕ್ಕಳಿಗೆ ಅಂತ. ಮೇಜು ಬೇಡ, ಫಾರಂ ಬೇಡ. ಒಂದು ಚಾಪೆ, ಗಡಿಯಾರ ನೋಡ್ದೇ ಇರೋ ಒಬ್ರು. ಅಷ್ಟು ಸಾಕು.”